ಎಂಜಲಿನಲ್ಲಿ ಒರೆಸಬೇಕಾದ ಮೇಜು

ಜೆನೋವಾ
ಜೂನ್ ೨೭, ೧೯೫೬

ಪ್ರೀತಿಯ ಅಪ್ಪನಿಗೆ,

ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಬೊಬ್ಬಿಯೊದಲ್ಲಿ ಈಗ ಹೊಳೆಯ ನೀರು ಇಳಿದು ಕಲ್ಲುಗಳು ಮೇಲೆದ್ದಿರಬೇಕು. ನೀವು ಶಾಲೆಗೆ ಬೀಗ ಹಾಕಿ, ಹಳೆ ಸೇತುವೆಯ ಮೇಲೆ ನಿಂತು, ಈಜುವ ಹುಡುಗರನ್ನು ಅಲ್ಲಿಂದಲೇ ಬೈಯುವ ದಿನಗಳು ಇವು. ಏಳು ತಿಂಗಳಿಂದ ನಿಮಗೆಂದು ನಾನು ಒಂದು ಸಾಲೂ ಬರೆದಿಲ್ಲ. ಅಮ್ಮನ ಪತ್ರದ ಕೊನೆಯಲ್ಲಿ "ಅಪ್ಪನಿಗೆ ನಮಸ್ಕಾರ ತಿಳಿಸು" ಎಂದು ಸೇರಿಸುತ್ತಿದ್ದೆ. ಅವಳೂ ತನ್ನ ಪತ್ರದ ಕೊನೆಗೆ "ಅಪ್ಪ ಆಶೀರ್ವಾದ ಹೇಳಿದ್ದಾರೆ" ಎಂದು ಬರೆಯುತ್ತಿದ್ದಳು. ನೀವು ಹೇಳಿರಲಿಕ್ಕಿಲ್ಲ, ಅವಳೇ ಬರೆದುಕೊಂಡಿದ್ದಾಳೆ ಎಂದು ನನಗೆ ಅನಿಸುತ್ತಿತ್ತು. ತಡವಾದದ್ದಕ್ಕೆ ಕ್ಷಮಿಸಿ.

ಇನ್ನೊಂದಕ್ಕೂ ಕ್ಷಮಿಸಬೇಕು. ಸನ್ಯಾಸಿನಿಯರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ ಎಂದು ಕ್ರಿಸ್ಮಸ್ಸಿನಲ್ಲಿ ಅಮ್ಮನಿಗೆ ಬರೆದಿದ್ದೆನಲ್ಲ, ಅದು ಸುಳ್ಳು. ಆ ಶಾಲೆ ಇದೆ, ಅದರ ಮುಂದೆ ದಿನಾ ಹಾದುಹೋಗುತ್ತೇನೆ, ಅಷ್ಟೇ ನಿಜ. ನವೆಂಬರಿನ ಉಪಾಧ್ಯಾಯರ ಪರೀಕ್ಷೆಯಲ್ಲಿ ನಾನು ಬಾಯಿಬಿಡದೆ ಎದ್ದುಬಂದ ಸುದ್ದಿ ಕೇಳಿ ನೀವು ಬಸ್ ನಿಲ್ದಾಣದಲ್ಲಿ ಹೇಳಿದ ಮಾತು ನೆನಪಿದೆಯೇ? "ಕುರಿ ಕೂಡ ಮ್ಯಾ ಅನ್ನುತ್ತೆ, ತೆಕ್ಲಾ." ಆಮೇಲೆ ಮನೆಗೆ ಬಂದು "ಮೇಷ್ಟರ ಕೆಲಸ ಬಿಟ್ಟು ಮರದ ಮೇಜು ಒರೆಸುತ್ತಿದ್ದೇನೆ" ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಈಗ ಇದೆ. ಅದಕ್ಕೇ ಈ ಪತ್ರ.

ನಡೆದದ್ದು ಹೀಗೆ. ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸು ಎಂದು ಪರೀಕ್ಷೆಗೆ ಮೊದಲೇ ನೀವು ಹೇಳಿದ್ದಿರಿ. ಡಿಸೆಂಬರಿನ ಒಂದು ದಿನ ಅದನ್ನು ಸುರುಳಿ ಸುತ್ತಿಕೊಂಡು ಬಂದರಿನ ಹಿಂದಿನ ಓಣಿಗಳಲ್ಲಿ ಹುಡುಕುತ್ತಾ ಒಂದು ಅಂಗಡಿಯ ಬಾಗಿಲಿಗೆ ಬಂದೆ. ಒಳಗೆ ಒಬ್ಬ ಮುದುಕರು ಅಗಲ ಕುಂಚವನ್ನು, ಜಿಡ್ಡು ಹತ್ತಲೆಂದು, ತಮ್ಮ ಕೆನ್ನೆಗೆ ಒಂದು ಸಲ ಉಜ್ಜಿ, ಅದರ ತುದಿಯಿಂದ ಉಸಿರಿಗೂ ಹಾರುವಷ್ಟು ತೆಳುವಾದ ಚಿನ್ನದ ರೇಕನ್ನು ಎತ್ತಿ, ಕೆತ್ತಿದ ಮರದ ಮೇಲೆ ಇಳಿಸುತ್ತಿದ್ದರು. ರೇಕು ಇಳಿಯುವ ಮೊದಲು ಆ ಜಾಗದ ಮೇಲೆ ಬಾಯಿಂದ ಮೆಲ್ಲಗೆ 'ಹಾ' ಎಂದು ಉಸಿರು ಬಿಡುತ್ತಿದ್ದರು. ನಾನು ಎಷ್ಟು ಹೊತ್ತು ನಿಂತಿದ್ದೆನೋ.

"ಒಳಗೆ ಬಾ, ಇಲ್ಲಾ ಹೊರಗೆ ಹೋಗು" ಎಂದರು ತಲೆ ಎತ್ತದೆ. "ಬಾಗಿಲಲ್ಲಿ ನಿಂತ್ರೆ ಗಾಳಿ ಬರುತ್ತೆ. ಚಿನ್ನ ಹಾರಿ ಎದುರುಮನೆ ಮೀನಿನವಳ ಬುಟ್ಟಿಗೆ ಬೀಳುತ್ತೆ."

ನಾನು ಒಳಗೆ ಹೋಗಿ ಬಾಗಿಲು ಹಾಕಿದೆ, ಅಂದಿನಿಂದ ಅಲ್ಲೇ ಕೆಲಸ ಕಲಿಯುತ್ತಿದ್ದೇನೆ. ಪದವಿ ಪತ್ರಕ್ಕೆ ಇನ್ನೂ ಚೌಕಟ್ಟು ಬಿದ್ದಿಲ್ಲ. ಅದು ಅಂಟಿನ ಮಡಕೆಯ ಹಿಂದಿನ ಕಪಾಟಿನಲ್ಲಿದೆ.

ಅವರ ಹೆಸರು ಬರ್ನಾಬೊ. ಓಣಿಯವರೆಲ್ಲ ಮೇಸ್ತ್ರಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಅಜ್ಜ, ಅಪ್ಪ ಎಲ್ಲರೂ ಇದೇ ಕೆಲಸದವರು. ಹಳೆಯ ಅರಮನೆಗಳ ಕನ್ನಡಿ ಚೌಕಟ್ಟು, ಕುರ್ಚಿ, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆಮೇಜುಗಳನ್ನು ರಿಪೇರಿ ಮಾಡುತ್ತಾರೆ. ಹಿಂದೆ ಕಾಲಿಲ್ಲದೆ, ಗೋಡೆಗೆ ಬೆನ್ನು ಕೊಟ್ಟು, ಮುಂದಿನ ಎರಡೇ ಕಾಲಿನ ಮೇಲೆ ಅಮೃತಶಿಲೆಯ ಹಲಗೆ ಹೊತ್ತು ನಿಲ್ಲುವ ಮೇಜುಗಳವು. ಅವುಗಳ ಮೇಲೆ ಊಟ ಮಾಡುವುದಿಲ್ಲ, ಬರೆಯುವುದಿಲ್ಲ. ಜೋಡಿಯಾಗಿ ಎದುರುಬದುರು ನಿಂತು ಮನೆಯವರ ದೊಡ್ಡಸ್ತಿಕೆ ತೋರಿಸುವುದೇ ಅವುಗಳ ಕೆಲಸ.

"ಸಾನ್ ಜೊವಾನಿ ಹಬ್ಬದ ತನಕ ನೋಡ್ತೀನಿ" ಎಂದಿದ್ದರು ಮೇಸ್ತ್ರಿ ಮೊದಲ ದಿನವೇ. "ಆಮೇಲೆ ಇರ್ತೀಯೋ ಹೋಗ್ತೀಯೋ ಹೇಳ್ತೀನಿ. ಮಾತಾಡಲ್ಲ ನೀನು, ಅದೊಂದು ಒಳ್ಳೇದು. ನಿನಗಿಂತ ಮುಂಚೆ ಕಲಿಯೋಕೆ ಬಂದವನು ಬಾಯಿ ಮುಚ್ತಿರಲಿಲ್ಲ, ಅರ್ಧ ರೇಕು ಅವನ ಮಾತಿಗೇ ಹರಿದುಹೋಗ್ತಿತ್ತು."

ಹಬ್ಬ ಜೂನ್ ಇಪ್ಪತ್ನಾಲ್ಕಕ್ಕೆ. ಅಲ್ಲಿಯವರೆಗೆ ನನ್ನ ಜೀವ ಒಂದು ಕೂದಲೆಳೆಯಲ್ಲಿ ತೂಗುತ್ತಿತ್ತು. ಮೇಸ್ತ್ರಿ ಬೇಡ ಎಂದರೆ ನಾನು ಬೊಬ್ಬಿಯೊಗೆ ಬರಬೇಕು, ನಿಮ್ಮ ಎದುರು ಕೂತು ಮತ್ತೆ ಅದೇ ಪರೀಕ್ಷೆಗೆ ಓದಬೇಕು. ಮುಂಜಾನೆ ಎದ್ದು ಮೊಲದ ತೊಗಲಿನ ಅಂಟು ಕಾಯಿಸುವಾಗ ಆ ವಾಸನೆಯೂ ನನಗೆ ಹಿತವಾಗಿತ್ತು. ನಂಬುತ್ತೀರಾ?

ಜೂನ್ ಮೊದಲ ವಾರ ಮೇಸ್ತ್ರಿ ನನ್ನನ್ನು ಮಾರ್ಕೇಸಾ ವಿಯೊಲಾಂತೆ ಅವರ ಮನೆಗೆ ಕರೆದೊಯ್ದರು. ಹಳೆಯ ಶ್ರೀಮಂತ ಮನೆತನದ ಒಡತಿ, ಎಪ್ಪತ್ತು ದಾಟಿದ ವಿಧವೆ. ಮೊಮ್ಮಗಳ ನಿಶ್ಚಿತಾರ್ಥದ ಊಟ ಸಾನ್ ಜೊವಾನಿ ದಿನ, ತುರಿನೊದಿಂದ ಬೀಗರು ಬರುತ್ತಾರೆ. ಮೇಲಿನ ದೊಡ್ಡ ಹಜಾರದ ಎರಡು ಗೋಡೆಮೇಜು, ಪಕ್ಕದ ಕೋಣೆಯ ಕನ್ನಡಿ ಚೌಕಟ್ಟು ಇವಿಷ್ಟೂ ಚೊಕ್ಕವಾಗಬೇಕು. ಮೇಜುಗಳ ಕಾಲಿನ ಬದಲು ಮೀನಿನ ಬಾಲದ ಹೆಂಗಸರು. ಒಂದೊಂದು ಮೇಜಿಗೆ ಇಬ್ಬರಂತೆ ನಾಲ್ವರು, ತಲೆಯ ಮೇಲೆ ಕಲ್ಲು ಹೊತ್ತು, ಹೊತ್ತದ್ದು ಏನೂ ಅಲ್ಲವೆಂಬಂತೆ ನಗುತ್ತಾರೆ. ಇನ್ನೂರು ವರ್ಷದ ಮೇಣದಬತ್ತಿಯ ಮಸಿ ಅವರ ಮುಖದ ಮೇಲೆ ಕೂತಿತ್ತು.

"ಎಂಜಲಲ್ಲಿ ಒರೆಸು" ಎಂದರು ಮೇಸ್ತ್ರಿ. "ಹತ್ತಿಗೆ ಎಂಜಲು ಹಚ್ಚೋದು, ಮೆಲ್ಲಗೆ ಉರುಳಿಸೋದು. ಬೇರೇನೂ ಮುಟ್ಟಬೇಡ." ನಗಬೇಡಿ ಅಪ್ಪ, ಈ ಕೆಲಸದವರಿಗೆ ಇದಕ್ಕಿಂತ ಒಳ್ಳೆಯ ಸೋಪು ಇಲ್ಲ. ಅಂಗಡಿಯಲ್ಲಿ ನಾನು ದಿನವೂ ಮಾಡುತ್ತಿದ್ದೆ. ಇಷ್ಟು ಹೇಳಿ ಮೇಸ್ತ್ರಿ ಪಕ್ಕದ ಕೋಣೆಗೆ ಕನ್ನಡಿ ಚೌಕಟ್ಟು ಬಿಚ್ಚಲು ಹೋದರು.

ಆದರೆ ಅಂಗಡಿಯಲ್ಲಿ ನನ್ನ ಎದುರು ಮಾರ್ಕೇಸಾ ಕೂತಿರುತ್ತಿರಲಿಲ್ಲ. ಇಲ್ಲಿ ಅವರು ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು, ಕೋಲಿನ ಮೇಲೆ ಎರಡೂ ಕೈಯಿಟ್ಟು, ನನ್ನನ್ನೇ ನೋಡುತ್ತಾ ಕೂತರು. ಅವರ ಹಿಂದೆ ಮನೆಗೆಲಸದ ಪಲ್ಮಿರಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವರ ಮುಂದೆ ನಾನು ಹೇಗೆ ಉಗುಳಲಿ? ಎರಡು ಸಲ ಹತ್ತಿಯನ್ನು ಬಾಯಿಯ ಹತ್ತಿರ ಒಯ್ದು ಕೆಮ್ಮಿದಂತೆ ಮಾಡಿ ಇಳಿಸಿದೆ. ನಾಲಿಗೆ ಒಣಗಿತ್ತು. ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಅರಗು ಕರಗಿಸುವ ಸ್ಪಿರಿಟ್ಟಿನ ಸೀಸೆ ಇತ್ತು. ಅದರಲ್ಲಿ ಹತ್ತಿ ಅದ್ದಿದೆ.

ಎಂಥ ಚೆಂದದ ಕೊಳೆ ಬರತೊಡಗಿತು. ಹತ್ತಿ ಜೇನಿನ ಬಣ್ಣಕ್ಕೆ ತಿರುಗಿತು. ಇನ್ನೊಂದು ತುಂಡು, ಮತ್ತೊಂದು. ಎಂಜಲಿಗಿಂತ ಇದೇ ಮೇಲು ಎಂದು ಒಳಗೊಳಗೇ ಹಿಗ್ಗಿದೆ.

ಮಾರ್ಕೇಸಾ ಮಾತಿಗಿಳಿದಿದ್ದರು. "ನೋಡು ಹುಡುಗಿ, ಹುಷಾರು. ಇದು ಬರೀ ಚಿನ್ನ ಅಲ್ಲ, ಸ್ಪೇನಿನ ನಾಣ್ಯದ ಚಿನ್ನ. ನನ್ನ ಗಂಡನ ಮುತ್ತಜ್ಜನ ಅಪ್ಪ ಹಡಗಿನಲ್ಲಿ ಒಂದು ಪೆಟ್ಟಿಗೆ ನಾಣ್ಯ ತಂದು, ಇದೇ ಅಂಗಳದಲ್ಲಿ ಬಡಿಸಿ ರೇಕು ಮಾಡಿಸಿದ್ನಂತೆ. ನಾನು ಮದುವೆಯಾಗಿ ಬಂದ ದಿನ ನಮ್ಮತ್ತೆ ಏನಂದ್ರು ಗೊತ್ತಾ? 'ಮೇಜು ಮುಟ್ಟಬೇಡ, ನಿನ್ನ ವರದಕ್ಷಿಣೆ ಇದರ ಒಂದು ಬಾಲಕ್ಕೂ ಸಾಲಲ್ಲ' ಅಂದ್ರು."

"ಐವತ್ತು ವರ್ಷ ಆದ್ರೂ ಮುಟ್ಟಿಲ್ಲ" ಎಂದಳು ಪಲ್ಮಿರಾ. "ಮುಟ್ಟಿದ್ದೆಲ್ಲ ನಾನೇ. ರೇಷ್ಮೆ ಬಟ್ಟೇಲಿ. ಚಿನ್ನಕ್ಕೆ ನೋವಾಗುತ್ತಂತೆ."

ಅಷ್ಟರಲ್ಲಿ ನನ್ನ ಕೈ ನಿಂತಿತು. ಮೀನುಹೆಂಗಸಿನ ಎರಡೂ ಕೆನ್ನೆ, ಕುತ್ತಿಗೆ, ಒಂದು ಹೆಗಲು ಬೆಳ್ಳಗಾಗಿದ್ದವು. ಚಂದ್ರನಂತೆ ಎಂದು ಬರೆಯಬಹುದಿತ್ತು, ಆದರೆ ಆಗ ನನಗೆ ಕಂಡದ್ದು ಉಜ್ಜಿಟ್ಟ ಚಮಚದಂತೆ. ಕೂದಲಿನ ಕೆತ್ತನೆಯ ಸಂದಿಯಲ್ಲಿ ಕಪ್ಪುಗಟ್ಟಿತ್ತು. ಚಿನ್ನ ಕಪ್ಪುಗಟ್ಟುವುದಿಲ್ಲ. ಇದು ಬೆಳ್ಳಿಯ ರೇಕು, ಮೇಲೆ ಹಳದಿ ವಾರ್ನಿಷ್ ಹಚ್ಚಿ ಚಿನ್ನದಂತೆ ಮಾಡಿದ್ದು. ಹಳಬರಿಗೆ ಗೊತ್ತಿದ್ದ ವಿದ್ಯೆ. ಕೊಳೆಯೆಂದು ನಾನು ಅಳಿಸಿದ್ದು ಆ ವಾರ್ನಿಷ್.

"ಏನದು ಬಿಳೀದು?" ಎಂದರು ಮಾರ್ಕೇಸಾ.

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು. ಮೂಗು ಅರಳಿಸಿ ಸ್ಪಿರಿಟ್ಟಿನ ವಾಸನೆ ಹಿಡಿದರು. ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಅವರು ನನ್ನನ್ನು ಬೈಯಲಿಲ್ಲ. ಟೋಪಿ ತೆಗೆದು ಮಾರ್ಕೇಸಾಗೆ ಹೇಳಿದರು: "ತಪ್ಪು ನನ್ನದು. ಸೀಸೆ ಅಲ್ಲಿಟ್ಟವನು ನಾನು. ಚಿನ್ನ ಹೋಯ್ತು. ನನ್ನ ಖರ್ಚಲ್ಲೇ ಹೊಸ ಚಿನ್ನ ಹಾಕ್ಕೊಡ್ತೀನಿ, ಬೀಗರು ಬರೋದ್ರೊಳಗೆ." ಹೇಳುವಾಗ ಅವರ ಕಿವಿ ಕೆಂಪಾಗಿ ಉರಿಯುತ್ತಿತ್ತು.

ಅವರಿಗೆ ಮೊದಲಿಂದಲೂ ಗೊತ್ತಿತ್ತು, ಅಪ್ಪ. ಅವರ ಅಜ್ಜನಿಗೂ ಗೊತ್ತಿತ್ತು. ಮನೆಯವರಿಗೆ ತಿಳಿದಿಲ್ಲದಿದ್ದರೆ ಹೇಳುವುದು ನಮ್ಮ ಕೆಲಸವಲ್ಲ ಎಂಬುದು ಅವರ ಅಂಗಡಿಯ ಪದ್ಧತಿಯಂತೆ. ಒಬ್ಬ ಮುದುಕಿಯ ಮನೆತನದ ಮಾನ ಉಳಿಸಲು, ನನ್ನನ್ನೂ ಉಳಿಸಲು, ಈ ಮನುಷ್ಯ ತಮ್ಮ ಒಂದು ವರ್ಷದ ದುಡಿಮೆಯನ್ನು ಆ ಮೇಜಿಗೆ ಬಳಿಯಲು ಹೊರಟಿದ್ದರು.

ನಾನು ಮಾತಾಡಿದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. "ಚಿನ್ನ ಹೋಗಿಲ್ಲ. ಇರಲೇ ಇಲ್ಲ. ಇದು ಬೆಳ್ಳಿ, ಮೇಲೆ ಬಣ್ಣದ ವಾರ್ನಿಷ್ ಇತ್ತು. ಮೇಸ್ತ್ರಿ ಎಂಜಲಲ್ಲಿ ಒರೆಸು ಅಂದಿದ್ರು. ನಿಮ್ಮೆದುರು ಉಗುಳೋಕೆ ನಾಚಿಕೆಯಾಗಿ ನಾನೇ ಸ್ಪಿರಿಟ್ ಹಾಕಿದೆ. ಅವರ ತಪ್ಪಿಲ್ಲ."

"ಪಲ್ಮಿರಾ, ನನ್ನ ಕನ್ನಡಕ" ಎಂದರು ಮಾರ್ಕೇಸಾ. ಕನ್ನಡಕ ಬಂತು. ಕುರ್ಚಿಯಿಂದ ಎದ್ದು, ಕೋಲೂರಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಆ ಬೆಳ್ಳಿ ಕೆನ್ನೆಯನ್ನು ನೋಡಿದರು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಪಲ್ಮಿರಾ ಓಡಿ ಹಿಡಿದುಕೊಂಡಳು. ಅವರು ನಗುತ್ತಿದ್ದರು.

"ಬೆಳ್ಳಿ" ಎಂದರು ಉಸಿರು ಸಿಕ್ಕಿದಾಗ. "ಪ್ರತಿ ಊಟಕ್ಕೂ ಆ ನಾಣ್ಯದ ಕಥೆ ಕೇಳಿದ್ದೀನಿ. ಸಾರು ಬರೋವಾಗ ಶುರುವಾದ್ರೆ ಹಣ್ಣು ಬರೋ ತನಕ. ಆ ಮುತ್ತಜ್ಜನ ಅಪ್ಪ ಪಕ್ಕಾ ಜೆನೋವಾದ ಜಿಪುಣ ನೋಡು. ನಾಣ್ಯ ಜೇಬಲ್ಲೇ ಇಟ್ಕೊಂಡು ಕಥೆ ಮಾತ್ರ ಮಕ್ಕಳಿಗೆ ಬಿಟ್ಟು ಹೋದ."

"ನಾನು ರೇಷ್ಮೆ ಬಟ್ಟೆ ಹರಿದಿದ್ದೆಷ್ಟೋ" ಎಂದಳು ಪಲ್ಮಿರಾ, ಅವಳಿಗೆ ಮಾತ್ರ ನಿಜವಾಗಿಯೂ ಸಿಟ್ಟು ಬಂದಿತ್ತು. "ಬೆಳ್ಳಿ ಅಂತ ಗೊತ್ತಿದ್ರೆ ಹಳೇ ಚಡ್ಡೀಲೇ ಒರೆಸ್ತಿದ್ದೆ."

ಮಾರ್ಕೇಸಾ ನನ್ನ ಕೈಯಿಂದ ಹೊಸ ಹತ್ತಿ ಕಿತ್ತುಕೊಂಡು, ಅದರ ಮೇಲೆ ಚೆನ್ನಾಗಿ ಉಗುಳಿ, ಎರಡನೇ ಮೀನುಹೆಂಗಸಿನ ಮೂಗಿಗೆ ಒತ್ತಿದರು. "ನನ್ನ ಎಂಜಲು ನಡೆಯುತ್ತಾ ಮೇಸ್ತ್ರಿ? ಇಲ್ಲಾ ಈ ವಂಶದ ರಕ್ತದವರದ್ದೇ ಆಗಬೇಕಾ?"

ಐವತ್ತು ವರ್ಷದಲ್ಲಿ ಅವರು ಆ ಮೇಜು ಮುಟ್ಟಿದ್ದು ಅದೇ ಮೊದಲು.

ನಿನ್ನೆ ಇಲ್ಲಿಗೆ ಬರೆದು ನಿಲ್ಲಿಸಿದ್ದೆ, ಮನೆಯೊಡತಿ ಬಿಸಿ ಫರಿನಾತ ತಂದಿದ್ದಳು. ಕಡಲೆಹಿಟ್ಟಿನ ಈ ರೊಟ್ಟಿ ತಣ್ಣಗಾದರೆ ಚರ್ಮದ ಪಟ್ಟಿಯಂತಾಗುತ್ತದೆ, ಬಿಸಿಯಿರುವಾಗಲೇ ತಿನ್ನಬೇಕು. ಈಗ ಮುಂದುವರಿಸುತ್ತೇನೆ.

ನಗು ಮುಗಿದ ಮೇಲೆ ಜಗಳ ಶುರುವಾಯಿತು. ನಾಲ್ವರನ್ನೂ ಬೆಳ್ಳಿ ಮಾಡಿಬಿಡಿ, ತುರಿನೊದವರು ನೋಡಲಿ ಎಂದು ಮಾರ್ಕೇಸಾ. ಸುತರಾಂ ಆಗದು ಎಂದು ಮೇಸ್ತ್ರಿ. "ಬೆಳ್ಳಿ ಹಾಕಿಸಿದವನು ಜಿಪುಣ ಇರಬಹುದು ಮಾರ್ಕೇಸಾ. ಮೇಲೆ ವಾರ್ನಿಷ್ ಹಚ್ಚಿದವನ ಕೈ ನೋಡಿ. ಇನ್ನೂರು ವರ್ಷ ನಿಮ್ಮನ್ನೆಲ್ಲ ನಂಬಿಸಿದ್ದಾನೆ. ಅವನ ಕೆಲಸ ಅಳಿಸೋಕೆ ನನ್ನ ಕೈ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಅಳಿಸಿದವಳು ನೀನು. ಹಚ್ಚೋಳೂ ನೀನೇ. ಹಬ್ಬದ ತನಕ ನಾನು ಈ ಹಜಾರಕ್ಕೆ ಕಾಲಿಡಲ್ಲ. ಹಬ್ಬದ ದಿನ ಬಂದು ನೋಡ್ತೀನಿ. ಯಾವುದು ನಿನ್ನದು ಅಂತ ನನ್ನ ಕಣ್ಣಿಗೆ ಗೊತ್ತಾದ್ರೆ ಬೊಬ್ಬಿಯೊ ಬಸ್ಸು ಹತ್ತು."

ಹದಿನೆಂಟು ದಿನವಿತ್ತು. ಅರಗು, ಕೇಸರಿ, ಲೋಳೆಸರದ ಒಣ ರಸ ಇವುಗಳನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿದೆ. ಬೆಳ್ಳಿ ಹಚ್ಚಿದ ಮರದ ಪಟ್ಟಿಗಳ ಮೇಲೆ ಬಳಿದು ನೋಡಿದೆ. ಮೊದಲನೆಯದು ಮೊಟ್ಟೆಯ ಲೋಳೆಯಂತೆ ಕಂಡಿತು, ಎರಡನೆಯದು ಕಷಾಯದಂತೆ. ಹನ್ನೊಂದನೆಯದು ಅದೇ ಮೇಜಿನ ಇನ್ನೊಬ್ಬ ಮೀನುಹೆಂಗಸಿನ ಬಣ್ಣಕ್ಕೆ ಸರಿಯಾಗಿ ಕೂತಿತು. ಕುಣಿಯುವಷ್ಟು ಸಂತೋಷವಾಯಿತು. ನಾನು ಅಳಿಸಿದವಳ ಕೆನ್ನೆಗೆ ಒಂದು ಪದರ ಹಚ್ಚಿ ಹಿಂದೆ ಸರಿದು ನೋಡಿದರೆ ಅವಳು ಮಾತ್ರ ಬೇರೆ ಊರಿನವಳಂತೆ ನಿಂತಿದ್ದಳು.

ನಿಮಗೆ ಗೊತ್ತಲ್ಲ, ನಾನು ಮಾತಾಡುವುದಕ್ಕಿಂತ ನೋಡುವುದೇ ಹೆಚ್ಚು. ಒಂದು ಇಡೀ ದಿನ ಕುಂಚ ಮುಟ್ಟದೆ ಹಜಾರದಲ್ಲಿ ನೆಲದ ಮೇಲೆ ಕೂತು ನೋಡಿದೆ. "ಪೂಜೆ ಮುಗೀತಾ?" ಎಂದು ಪಲ್ಮಿರಾ ಬಂದು ಬಂದು ಕೇಳುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಕಿಟಕಿಯಿಂದ ಅವಳ ಎಡಗೆನ್ನೆಗೆ ಮಾತ್ರ ಬಿತ್ತು. ಪಕ್ಕದವಳಿಗೆ ಬೀಳಲಿಲ್ಲ, ಕಿಟಕಿಯ ಪಕ್ಕದ ಕಂಬ ಅಡ್ಡವಿತ್ತು. ಇನ್ನೂರು ಬೇಸಿಗೆ ಈ ಬಿಸಿಲು ಒಂದೇ ಕೆನ್ನೆಯ ಮೇಲೆ ಬಿದ್ದಿದೆ. ಅವಳ ಎಡಬದಿಯ ಬಣ್ಣ ಮಾಸಿರಲೇಬೇಕಿತ್ತು, ಬಲಬದಿ ಗಾಢವಾಗಿ ಉಳಿದಿರಬೇಕಿತ್ತು. ನಾನು ಅವಳಿಗೆ ಪಕ್ಕದವಳ ಮುಖ ಕೊಡಲು ಹೋಗಿದ್ದೆ. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಎಡಕ್ಕೆ ನಾಲ್ಕು ಪದರ, ಬಲಕ್ಕೆ ಏಳು, ಗಲ್ಲದ ಕೆಳಗೆ ಮಸಿಯ ನೆರಳು.

ಸಾನ್ ಜೊವಾನಿ ದಿನ ತುರಿನೊದವರು ಹನ್ನೆರಡು ಜನ ಬಂದರು. ನಾನು ಅಡಿಗೆಮನೆಯಲ್ಲಿ ಪಲ್ಮಿರಾಳ ಜೊತೆ ಬೀನ್ಸ್ ಬಿಡಿಸುತ್ತಾ ಕೂತಿದ್ದೆ. ಊಟದ ಕೊನೆಗೆ ಮಾರ್ಕೇಸಾ ಕರೆಸಿದರು. ಎಲ್ಲರ ಎದುರು ಕೋಲಿನಿಂದ ಮೇಜುಗಳನ್ನು ತೋರಿಸಿ, ನಾಣ್ಯದ ಕಥೆ ಮೊದಲಿಂದ ಕೊನೆವರೆಗೆ ಹೇಳಿ, "ಇದೆಲ್ಲ ಸುಳ್ಳು, ಒಳಗೆ ಬರೀ ಬೆಳ್ಳಿ" ಎಂದು ಮುಗಿಸಿದರು. ಬೀಗಿತ್ತಿ ಫೋರ್ಕು ಕೆಳಗಿಟ್ಟಳು. "ಇವರಲ್ಲಿ ಒಬ್ಬಳ ಮುಖವನ್ನ ಈ ಹುಡುಗಿ ಪೂರ್ತಿ ತೊಳೆದು ಮತ್ತೆ ಮಾಡಿದ್ದಾಳೆ. ಯಾರದು ಅಂತ ಕಂಡುಹಿಡಿದವರಿಗೆ ಮೊಮ್ಮಗಳ ಮದುವೇಲಿ ನನ್ನ ಪಕ್ಕದ ಕುರ್ಚಿ."

ರೇಷ್ಮೆ ಉಟ್ಟವರು, ಪದಕ ತೊಟ್ಟವರು ಎಲ್ಲ ಮಂಡಿಯೂರಿದರು. ಬೀಗರು ದೊಡ್ಡ ವಕೀಲರು, ಮೀಸೆಗೆ ಮೇಣ ಹಚ್ಚಿದವರು. ಎರಡನೇ ಮೇಜಿನ ಬಲಗಡೆಯವಳನ್ನು ತೋರಿಸಿ "ಇವಳೇ, ನಗು ಹೊಸದು" ಎಂದರು. ಅಲ್ಲ. ಬೀಗಿತ್ತಿ ಅವಳ ಪಕ್ಕದವಳು ಎಂದಳು. ಅಲ್ಲ.

ಆಗ ಮೇಸ್ತ್ರಿ ಬಂದರು. ಭಾನುವಾರದ ಕೋಟು ಹಾಕಿದ್ದರು. ಯಾರಿಗೂ ನಮಸ್ಕಾರ ಹೇಳದೆ ಕಿಟಕಿಯ ಬಾಗಿಲು ಇನ್ನಷ್ಟು ತೆರೆದರು. ಒಬ್ಬೊಬ್ಬಳ ಮುಂದೂ ಕೂತರು, ಉಗುರಿನಿಂದ ತಟ್ಟಿದರು, ಮೂಸಿದರು. ನನ್ನವಳ ಮುಂದೆ ಬಹಳ ಹೊತ್ತು ಕೂತರು. ನಾನು ನನ್ನ ಚಪ್ಪಲಿಯ ಬಕ್ಕಲನ್ನು ನೋಡುತ್ತಿದ್ದೆ. ಅವರು ಎದ್ದು, ಅವಳ ಪಕ್ಕದವಳ ಹಣೆಯ ಮೇಲೆ ಬೆರಳಿಟ್ಟರು.

ನಾನು ತಲೆ ಅಲ್ಲಾಡಿಸಿದೆ.

"ಅಲ್ವಾ?"

"ಅಲ್ಲ ಮೇಸ್ತ್ರಿ. ಅವಳು."

ಅವರು ಮತ್ತೆ ಕೂತು ನೋಡಿದರು. ಎಡಗೆನ್ನೆ, ಆಮೇಲೆ ಕಿಟಕಿ, ಆಮೇಲೆ ಮತ್ತೆ ಕೆನ್ನೆ. "ಬಿಸಿಲು" ಎಂದರು ತಮ್ಮಷ್ಟಕ್ಕೇ. ನಂತರ ಪಲ್ಮಿರಾಳಿಗೆ, "ನನಗೂ ಒಂದು ಲೋಟ ವೈನ್ ಕೊಡಮ್ಮ." ನನಗೆ ಹೇಳಿದ್ದು ಇಷ್ಟೇ: "ನಾಳೆ ಏಳೂವರೆಗೆ ಬಾ. ಅಂಟು ಕಾಯಿಸಬೇಕು. ನಾಳೆ ಅಂದ್ರೆ ನಾಳೆ ಒಂದೇ ದಿನಕ್ಕಲ್ಲ."

ನನಗೆ ದಯೆ ತೋರಿ ಬೇಕೆಂದೇ ತಪ್ಪು ತೋರಿಸಿದರೇನೋ ಎಂದು ಆಮೇಲೆ ಅನುಮಾನ ಬಂತು. ಪಲ್ಮಿರಾಳನ್ನು ಕೇಳಿದೆ. "ಬರ್ನಾಬೊ ಸುಳ್ಳು ಹೇಳಿದ್ರೆ ಅವನ ಕಿವಿ ಟೊಮೇಟೊ ಆಗುತ್ತೆ. ಇವತ್ತು ಆಗಿತ್ತಾ? ಇಲ್ವಲ್ಲ. ಸುಮ್ನೆ ತಿನ್ನು" ಎಂದು ಬಾದಾಮಿಯ ಬಿಸ್ಕತ್ತು ಬಾಯಿಗೆ ತುರುಕಿದಳು.

ಹೊರಡುವ ಮೊದಲು ಮೇಸ್ತ್ರಿ ಸೀಸದ ಕಡ್ಡಿ ಕೊಟ್ಟು ಮೇಜಿನ ಕೆಳಗೆ ಹೋಗು ಎಂದರು. ಬೆನ್ನು ನೆಲಕ್ಕೆ ತಾಗಿಸಿ ಮಲಗಿ ಮೇಲೆ ನೋಡಿದೆ. ಚಿನ್ನವೂ ಇಲ್ಲದ, ಬೆಳ್ಳಿಯೂ ಇಲ್ಲದ ಬರಿಯ ಮರದ ಮೇಲೆ, ಯಾರೂ ನೋಡದ ಜಾಗದಲ್ಲಿ ಹೆಸರುಗಳಿದ್ದವು. ಮೇಸ್ತ್ರಿಯ ಅಜ್ಜ, ಅಪ್ಪ, ೧೯೩೧ರಲ್ಲಿ ಅವರೇ. ಎಲ್ಲರೂ ತಂತಮ್ಮ ಅಪ್ಪನ ಹೆಸರು ಸೇರಿಸಿಯೇ ಬರೆದಿದ್ದಾರೆ. ನಾನೂ ಬರೆದೆ: 'ತೆಕ್ಲಾ, ಅನ್ಸೆಲ್ಮೊ ಮೇಷ್ಟರ ಮಗಳು, ಬೊಬ್ಬಿಯೊ, ೧೯೫೬.'

ಮಾರ್ಕೇಸಾ ನಿಮ್ಮ ಬಗ್ಗೆ ಕೇಳಿದರು. ಅಪ್ಪ ಶಾಲೆಯ ಮೇಷ್ಟರು ಎಂದೆ. "ಮಗಳಿಗೆ ಉಗುಳೋದೊಂದು ಬಿಟ್ಟು ಎಲ್ಲ ಕಲಿಸಿದ್ದಾರೆ ಅಂತ ಬರಿ" ಎಂದರು. ಬರೆದಿದ್ದೇನೆ. ನೀವಿಬ್ಬರೂ ನೂರು ವರ್ಷ ಬಾಳಬೇಕು ಎಂದೂ ಹೇಳಿದರು, ಅದನ್ನೂ ಒಪ್ಪಿಸಿಕೊಳ್ಳಿ. ಸನ್ಯಾಸಿನಿಯರ ಶಾಲೆಯ ಸುಳ್ಳನ್ನು ಅಮ್ಮನಿಗೆ ನೀವೇ ನಯವಾಗಿ ತಿಳಿಸಿ. ಆಗಸ್ಟಿನಲ್ಲಿ ನಿಮಗೆ ರಜೆ ಇರುತ್ತದೆ. ಇಬ್ಬರೂ ಬನ್ನಿ. ಮನೆಯೊಡತಿ ಕೋಣೆ ಕೊಡುತ್ತಾಳೆ, ಮೀನು ನಾನೇ ಹುರಿಯುತ್ತೇನೆ. ನಿಮ್ಮ ಎದೆನೋವಿಗೆ ಮೆಟ್ಟಿಲು ಹತ್ತಬಾರದು ಎಂದು ಗೊತ್ತು, ಅಂಗಡಿ ನೆಲಮಟ್ಟದಲ್ಲೇ ಇದೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಆಶೀರ್ವಾದ ಈ ಸಲ ನಿಮ್ಮ ಕೈಬರಹದಲ್ಲೇ ಬರಲಿ.

ನಿಮ್ಮ ಮಗಳು,
ತೆಕ್ಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನವೆಂಬರಿನ ಆ ದಿನ ನಾನು ಹೆದರಿ ಸುಮ್ಮನಾದೆ ಎಂದು ನೀವು ತಿಳಿದಿದ್ದೀರಿ. ಹೆದರಿಕೆ ಇತ್ತು, ಆದರೆ ಮಾತಾಡಬೇಕೆಂದೇ ಹೋಗಿದ್ದೆ. ಮುಖ್ಯ ಪರೀಕ್ಷಕರ ಮುಂದೆ ಒಂದು ಕಾಗದ ಬಿಡಿಸಿಟ್ಟಿತ್ತು. ನನ್ನ ಕಡೆಯಿಂದ ತಲೆಕೆಳಗಾಗಿತ್ತು. ನಿಮ್ಮ ಅಕ್ಷರವನ್ನು ನಾನು ಹೇಗಿದ್ದರೂ ಓದಬಲ್ಲೆ. 'ಹುಡುಗಿ ಓದಿನಲ್ಲಿ ಚುರುಕು, ಮಾತಿನಲ್ಲಿ ಹಿಂದೆ. ಹಳೆಯ ಸ್ನೇಹಕ್ಕಾಗಿ ದಯವಿಟ್ಟು ಸುಲಭದ ಪ್ರಶ್ನೆ ಕೇಳಿ.' ಅವರು ಕನಿಕರದಿಂದ ನಕ್ಕು ಕೇಳಿದರು, ಒಂದು ಸಾನೆಟ್ಟಿಗೆ ಎಷ್ಟು ಸಾಲು ಮಗು, ಎಂದು. ನಿಮ್ಮ ಐದನೇ ತರಗತಿಯ ಮಕ್ಕಳನ್ನು ಕೇಳುವ ಪ್ರಶ್ನೆ. ನನಗೆ ಉತ್ತರ ಗೊತ್ತಿತ್ತು, ಅಪ್ಪ. ಆಗಸ್ಟಿನಲ್ಲಿ ಬಂದಾಗ ನನ್ನನ್ನು ಕಷ್ಟದ್ದೊಂದು ಪ್ರಶ್ನೆ ಕೇಳಿ.